ದರ ಬರೆಯುವ ರಾತ್ರಿ

ಉಡುಪಿಯಲ್ಲಿ ಸರಕಾರಿ ಕೆಲಸದ ಸಣ್ಣ ಗುತ್ತಿಗೆದಾರರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನಲ್ಲಿ ಬಂದದ್ದನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ನಾನು ವಕೀಲ ಅಲ್ಲ. 22 ವರ್ಷಗಳಿಂದ ಗುತ್ತಿಗೆದಾರರ ಹಾಜರಿ, ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ವಿಮೆ) ಲೆಕ್ಕ ಬರೆದುಕೊಂಡು ಬಂದವ. ಮಂಗಳೂರಿನಲ್ಲಿ ನನ್ನದೊಂದು ಸಣ್ಣ ಆಫೀಸು. ಅಲ್ಲಿಗೆ ಬರುವವರು ನಿಮ್ಮಂಥವರೇ. ಹಾಸ್ಟೆಲಿಗೆ ಅಡುಗೆಯವರನ್ನು ಕೊಡುವವರು, ಆಸ್ಪತ್ರೆಗೆ ಡಿ ಗ್ರೂಪ್ ಕೊಡುವವರು, ಕಚೇರಿಗಳಿಗೆ ಸೆಕ್ಯುರಿಟಿ, ಡ್ರೈವರ್, ಡಾಟಾ ಎಂಟ್ರಿಯವರನ್ನು ಕೊಡುವವರು, ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಮುಂಚೆ ತೋಡಿನ ಹೂಳು ತೆಗೆಸುವವರು. ದೊಡ್ಡ ಕಂಪನಿಗಳಿಗೆ ಎಚ್‌ಆರ್ ಅಂತ ಒಂದು ವಿಭಾಗವೇ ಇರುತ್ತದೆ. ನಿಮಗೆ ಇರುವುದು ಒಂದು ಸ್ಕೂಟರ್, ಒಂದು ಫೈಲು, ಮತ್ತೆ ನನ್ನಂಥವನ ಫೋನ್ ನಂಬರ್.

ಇವತ್ತು ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಕೆಲಸಗಾರನಿಗೆ ಸಿಗಬೇಕಾದ ಸಂಬಳ ಸಿಗುತ್ತದಾ ಇಲ್ವಾ ಎಂಬುದು ನೀವು ಟೆಂಡರಿಗೆ ದರ ಬರೆಯುವ ರಾತ್ರಿಯೇ ತೀರ್ಮಾನ ಆಗಿರುತ್ತದೆ. ಆ ದರದಲ್ಲಿ ಸಂಬಳಕ್ಕೆ ಜಾಗ ಇಲ್ಲದಿದ್ದರೆ ಆಮೇಲೆ ನೀವು ಎಷ್ಟೇ ಒಳ್ಳೆಯ ಮನುಷ್ಯ ಆಗಿದ್ದರೂ ಕೊಡಲಿಕ್ಕೆ ಕೈಯಲ್ಲಿ ದುಡ್ಡು ಇರುವುದಿಲ್ಲ.

ಇದನ್ನು ನಾನು ಕಲಿತದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಹನ್ನೊಂದು ವರ್ಷದ ಹಿಂದಿನ ಮಾತು. ಒಬ್ಬ ಗುತ್ತಿಗೆದಾರರು ಒಂದು ಸರಕಾರಿ ಹಾಸ್ಟೆಲಿಗೆ ಅಡುಗೆಯವರನ್ನು ಕೊಟ್ಟಿದ್ದರು. ಅದರಲ್ಲಿ ಒಬ್ಬರು ಅಕ್ಕ, ಓಟಿ (ಹೆಚ್ಚು ಗಂಟೆ ದುಡಿದದ್ದಕ್ಕೆ ಸಂಬಳ) ಕೊಟ್ಟಿಲ್ಲ ಎಂದು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದರು. ರಿಜಿಸ್ಟರ್ ತನ್ನಿ ಎಂದು ನೋಟಿಸ್ ಬಂತು. ರಿಜಿಸ್ಟರ್ ಎಲ್ಲಿಂದ ತರುವುದು? ಇರಲೇ ಇಲ್ಲ. ಆರು ತಿಂಗಳ ಹಾಜರಿಯನ್ನು ಒಂದೇ ರಾತ್ರಿ ಕೂತು ಬರೆದುಕೊಟ್ಟವನು ನಾನು. ಅಂಗಡಿಯಲ್ಲಿ ಸಿಗುವ ಹಾಜರಿ ಪುಸ್ತಕದಲ್ಲಿ ಎಲ್ಲ ತಿಂಗಳಿಗೂ 31 ಮನೆ ಇರುತ್ತದೆ, ನೋಡಿದ್ದೀರಲ್ಲ. ನಿದ್ದೆಗಣ್ಣಿನಲ್ಲಿ ಜೂನ್ ತಿಂಗಳಿಗೂ 31ರ ತನಕ ಹಾಜರಿ ಹಾಕಿಬಿಟ್ಟಿದ್ದೆ. ವಿಚಾರಣೆಯ ದಿನ ಅಧಿಕಾರಿ ಪುಟ ತಿರುಗಿಸುತ್ತಾ ಬಂದವರು ಆ ಮನೆಯ ಮೇಲೆ ಬೆರಳಿಟ್ಟರು. ಏನೂ ಕೇಳಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು, ಅಷ್ಟೇ.

ಆ ಅಕ್ಕ ತಂದದ್ದು ಒಂದು ಗೋಡೆ ಕ್ಯಾಲೆಂಡರ್. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ನಮ್ಮ ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಹಾಗೆಯೇ. ಒಂದೊಂದು ತಾರೀಖಿನ ಮನೆಯಲ್ಲೂ ಸಣ್ಣ ಅಕ್ಷರದಲ್ಲಿ ‘5–2, 4–9’ ಎಂದು ಬರೆದಿತ್ತು. ಬೆಳಿಗ್ಗೆ 5ಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನ 2ಕ್ಕೆ ಪಾತ್ರೆ ತೊಳೆದು ಮುಗಿಯುತ್ತಿತ್ತು. ಮತ್ತೆ ಸಂಜೆ 4ರಿಂದ ರಾತ್ರಿ 9. ದಿನಕ್ಕೆ 14 ಗಂಟೆ. ಅದೇ ಮನೆಯೊಳಗೆ ಅರ್ಧ ಲೀಟರ್ ಹಾಲು, ಗ್ಯಾಸ್ ಬಂದ ದಿನ, ಮಗಳ ಫೀಸು. ಕೆಲವು ಭಾನುವಾರಗಳ ಮೇಲೆ ‘ರಜೆ ಇಲ್ಲ’ ಎಂದಿತ್ತು. ಪೆನ್ನಿನ ಬಣ್ಣ ಬೇರೆ ಬೇರೆ. ಒಂದು ಕಡೆ ಎಣ್ಣೆಯ ಕಲೆ. ನೋಡಿದವರಿಗೆ ಯಾವುದು ನಿಜ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಕೇಸಿನಲ್ಲಿ ಗುತ್ತಿಗೆದಾರರು ವ್ಯತ್ಯಾಸದ ಹಣ ಕಟ್ಟಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಹತ್ತಿರ ಹೇಳಿದರು: “ನಾನು ಮೋಸ ಮಾಡಬೇಕು ಅಂತ ಮಾಡಿದ್ದಲ್ಲ ಮಾರಾಯ್ರೆ. ಟೆಂಡರಿನಲ್ಲಿ ಇಬ್ಬರು ಅಡುಗೆಯವರು ಅಂತ ಇತ್ತು. ಇಬ್ಬರನ್ನು ಕೊಟ್ಟೆ.” ಆ ಮಾತು ಸುಳ್ಳಲ್ಲ. ಇಬ್ಬರಿಂದ ಆಗುವ ಕೆಲಸ ಅದಲ್ಲ ಎಂದು ದರ ಬರೆಯುವಾಗ ನಾವಿಬ್ಬರೂ ಯೋಚಿಸಲೇ ಇಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಪೆನ್ನು ಇದ್ದವರು ಬರೆದುಕೊಳ್ಳಿ.

ತಿಂಗಳಿಗೆ 14,560 ರೂಪಾಯಿ ಕನಿಷ್ಠ ವೇತನ ಎಂದು ಇಟ್ಟುಕೊಳ್ಳಿ. ಇದು ಲೆಕ್ಕ ಸುಲಭ ಆಗಲಿ ಎಂದು ನಾನು ಹಿಡಿದ ಸಂಖ್ಯೆ. ನಿಮ್ಮ ಕೆಲಸದ ಬಗೆ, ಕೌಶಲ, ಊರಿನ ವಲಯ ನೋಡಿ ನಿಜವಾದ ದರವನ್ನು ಅಧಿಸೂಚನೆಯಲ್ಲೇ ಹುಡುಕಬೇಕು. ವಾರಕ್ಕೊಂದು ರಜೆ ಬಿಟ್ಟರೆ ತಿಂಗಳಿಗೆ 26 ದಿನದ ಕೆಲಸ. 14,560ನ್ನು 26ರಿಂದ ಭಾಗಿಸಿದರೆ ದಿನಕ್ಕೆ 560. ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 70. ಓಟಿ ಎಂದರೆ ಎರಡು ಪಟ್ಟು. ಗಂಟೆಗೆ 140.

ಈಗ ಸೆಕ್ಯುರಿಟಿಯವರ 12 ಗಂಟೆಯ ಪಾಳಿ ತೆಗೆದುಕೊಳ್ಳಿ. ಕಾನೂನು ಹೇಳುವುದು ವಾರಕ್ಕೆ 48 ಗಂಟೆ. ದಿನಕ್ಕೆ 8ರಂತೆ 6 ದಿನ. 12 ಗಂಟೆ ನಿಂತವನಿಗೆ ದಿನಾ 4 ಗಂಟೆ ಓಟಿ ಬರುತ್ತದೆ. 26 ದಿನಕ್ಕೆ 104 ಗಂಟೆ. 104ನ್ನು 140ರಿಂದ ಗುಣಿಸಿ.

ಎಷ್ಟು ಬಂತು? 14,560. ಇನ್ನೊಂದು ಪೂರ್ತಿ ಸಂಬಳ.

ಇದನ್ನು ಮೊದಲ ಸಲ ಕಾಗದದ ಮೇಲೆ ಕಂಡ ದಿನ ನಾನು ಎರಡು ಸಲ ಗುಣಿಸಿ ನೋಡಿದ್ದೆ. ದಿನಾ 12 ಗಂಟೆ ನಿಲ್ಲುವ ಮನುಷ್ಯನಿಗೆ ಕಾನೂನಿನ ಪ್ರಕಾರ ಎರಡು ಸಂಬಳ ಬರಬೇಕು. ಒಂದೇ ಸಂಬಳ ಕೊಟ್ಟರೆ ಅವನು ತಿಂಗಳು ತಿಂಗಳೂ ತನ್ನ ಒಂದು ಸಂಬಳವನ್ನು ನಿಮಗೆ ಬಿಟ್ಟುಕೊಡುತ್ತಾ ಇದ್ದಾನೆ ಎಂದೇ ಅರ್ಥ. ಎಟಿಎಂ ಮುಂದೆ, ಕಚೇರಿಯ ಗೇಟಿನ ಹತ್ತಿರ, ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುವ ವಯಸ್ಸಾದವರನ್ನು ನೀವು ದಿನಾ ನೋಡುತ್ತೀರಿ, ಅಲ್ವಾ? ಇನ್ನು ನೋಡುವಾಗ ಈ ಲೆಕ್ಕ ನೆನಪಿಗೆ ಬರಲಿ.

ಒಂದು ಗೇಟಿಗೆ 24 ಗಂಟೆ ಕಾವಲು ಬೇಕು. 12 ಗಂಟೆಯ ಇಬ್ಬರನ್ನು ಇಟ್ಟರೆ ಕಾನೂನಿನಂತೆ ಕೊಡಬೇಕಾದ್ದು ನಾಲ್ಕು ಸಂಬಳ. 8 ಗಂಟೆಯ ಮೂವರನ್ನು ಇಟ್ಟರೆ ಮೂರು ಸಂಬಳ. ಅಂದರೆ ಸರಿಯಾಗಿ ಮಾಡುವವನಿಗೆ ಮೂವರನ್ನು ಇಡುವುದೇ ಅಗ್ಗ! ಇಬ್ಬರು ಅಗ್ಗ ಅನಿಸುವುದು ಓಟಿ ಕೊಡದಿದ್ದಾಗ ಮಾತ್ರ. ವಾರದ ರಜೆಗೆ ಬದಲಿ ಜನವೂ ಬೇಕು. ಏಳು ದಿನ, 24 ಗಂಟೆ ಎಂದರೆ ವಾರಕ್ಕೆ 168 ಗಂಟೆ. 48ರಿಂದ ಭಾಗಿಸಿದರೆ ಮೂರೂವರೆ ಜನ. ಸಿಕ್ ಲೀವು, ಊರಿನ ಜಾತ್ರೆ, ಮದುವೆ ಎಂದು ಸೇರಿಸಿದರೆ ನಾಲ್ಕು ಎಂದೇ ಹಿಡಿಯಿರಿ. ಹಾಗಾಗಿ ಟೆಂಡರಿನಲ್ಲಿ ‘24 ಗಂಟೆ, ಇಬ್ಬರು’ ಎಂದು ಕಂಡರೆ ದರ ಬರೆಯುವ ಮುಂಚೆ ಪೆನ್ನು ಕೆಳಗಿಡಿ. ಆ ಟೆಂಡರಿನ ಒಳಗೇ ಕಾನೂನು ಮುರಿದು ಕೂತಿದೆ.

ಕೆಲವರು ಮಾಡುವ ಇನ್ನೊಂದು ಕೆಲಸ, ತಿಂಗಳ ಸಂಬಳವನ್ನು 30ರಿಂದ ಭಾಗಿಸುವುದು. 14,560ನ್ನು 30ರಿಂದ ಭಾಗಿಸಿದರೆ ದಿನಕ್ಕೆ 485. ಅದನ್ನು 26 ದಿನಕ್ಕೆ ಲೆಕ್ಕ ಹಾಕಿ ಕೊಡುತ್ತಾರೆ. ದಿನಕ್ಕೆ 75 ರೂಪಾಯಿ ಮಾಯ. ಯಾರೂ ಕೇಳುವುದಿಲ್ಲ, ಯಾಕೆಂದರೆ ತಿಂಗಳಿಗೆ 30 ದಿನ ಎಂಬುದು ಕೇಳಲಿಕ್ಕೆ ನ್ಯಾಯವಾಗಿಯೇ ಇದೆ.

ಈಗ ದರ ಕಟ್ಟುವುದು ಹೇಗೆ ನೋಡೋಣ. ಅದೇ 14,560 ಇಟ್ಟುಕೊಳ್ಳಿ. ಪಿಎಫ್‌ಗೆ ನಿಮ್ಮ ಪಾಲು ಶೇ. 12, ಮೇಲೆ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13, ಅಂದರೆ 1,893. ಇಎಸ್‌ಐಗೆ ಶೇ. 3.25, ಅಂದರೆ 474. ಬೋನಸ್ ಕನಿಷ್ಠ ಶೇ. 8.33, ಅಂದರೆ 1,213. ಒಟ್ಟು 18,140. ಇಷ್ಟರಲ್ಲಿ ನಿಮಗೆ ಒಂದು ರೂಪಾಯಿಯೂ ಬಂದಿಲ್ಲ. ರಜೆಯ ಸಂಬಳ, ಗ್ರಾಚ್ಯುಟಿ, ಯೂನಿಫಾರ್ಮ್, ಬದಲಿ ಜನ, ಬಿಲ್ ಆಗುವ ತನಕ ಬ್ಯಾಂಕಿನ ಬಡ್ಡಿ, ಇವೆಲ್ಲ ಇನ್ನೂ ಹೊರಗೇ ಇವೆ. ಜಿಎಸ್‌ಟಿ ಬೇರೆ.

ಅತ್ತ ಕೆಲಸಗಾರನ ಕೈಗೆ ಬರುವುದು ಎಷ್ಟು? ಅವನ ಪಿಎಫ್ ಶೇ. 12, ಇಎಸ್‌ಐ ಶೇ. 0.75 ಕಳೆದರೆ 12,703. ನೀವು 18,140 ಖರ್ಚು ಮಾಡುವಾಗ ಅವನ ಕೈಯಲ್ಲಿ 12,703. ಈ ಅಂತರವನ್ನು ಅವನಿಗೆ ಕೂತು ವಿವರಿಸಿ. ‘ಗುತ್ತಿಗೆದಾರ ನನ್ನ ಸಂಬಳ ನುಂಗಿದ’ ಎಂಬ ದೂರುಗಳಲ್ಲಿ ಎಷ್ಟೋ ಈ ಲೆಕ್ಕ ಹೇಳಿಕೊಡದೆ ಹುಟ್ಟಿದವು. ಸಂಬಳ ಚೀಟಿ ಕೊಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಚೀಟಿ ಕೊಡುವುದು ಉಪಕಾರ ಅಲ್ಲ, ಕಾನೂನು.

ಹೀಗಿರುವಾಗ ಸೇವಾ ಶುಲ್ಕ, ಅಂದರೆ ಗುತ್ತಿಗೆದಾರನಿಗೆ ಉಳಿಯುವ ಪಾಲು, ಸೊನ್ನೆ ಎಂದು ಟೆಂಡರ್ ಹಾಕುವವರು ಇದ್ದಾರೆ. ಅವರು ಬದುಕುವುದು ಹೇಗೆ? ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬ್ಯಾಂಕಿಗೆ ಪೂರ್ತಿ ಸಂಬಳ ಹಾಕುತ್ತಾರೆ. ಮರುದಿನ ಸೂಪರ್‌ವೈಸರ್ ಬಂದು ಎರಡು ಸಾವಿರ ವಾಪಸ್ ಕೇಳುತ್ತಾನೆ. ಇನ್ನು ಕೆಲವು ಕಡೆ ಎಟಿಎಂ ಕಾರ್ಡೇ ಅವನ ಜೇಬಿನಲ್ಲಿ. ದಾಖಲೆಯಲ್ಲಿ ಎಲ್ಲ ಸರಿ. ಇದನ್ನು ಮಾಡುವವರು ಈ ಸಭೆಯಲ್ಲಿ ಇಲ್ಲ ಎಂದೇ ನಂಬಿದ್ದೇನೆ. ಆದರೆ ನಿಮ್ಮ ಹೆಸರಿನಲ್ಲಿ ನಿಮ್ಮ ಸೂಪರ್‌ವೈಸರ್ ಮಾಡುತ್ತಿದ್ದಾನಾ ಎಂದು ಇವತ್ತೇ ವಿಚಾರಿಸಿ.

ಹೀಗೆ ಒಂದು ರೂಪಾಯಿ ಹಿಡಿದುಕೊಂಡದ್ದು ಸುಪ್ರೀಂ ಕೋರ್ಟಿನ ತನಕ ಹೋಗಿದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಅದಕ್ಕೆ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಿಸಿದ್ದು ಸರಕಾರಿ ಸಂಸ್ಥೆಗಳು. ಕಟ್ಟಿದ್ದು ಗುತ್ತಿಗೆದಾರರು. ಆಳು ತಂದದ್ದು ಜಮಾದಾರರು, ನಮ್ಮ ಕಡೆ ಮೇಸ್ತ್ರಿಗಳು ಎನ್ನುತ್ತೇವಲ್ಲ, ಅವರು. ದಿನಗೂಲಿ 9 ರೂಪಾಯಿ 25 ಪೈಸೆ. ಜಮಾದಾರ ದಿನಕ್ಕೆ ಒಂದು ರೂಪಾಯಿ ಕಮಿಷನ್ ಹಿಡಿದು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ಹೇಳಿದ್ದು ಇಷ್ಟು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿ ಬೇಡ ಎಂದದ್ದು. ಕೋಲು ಹಿಡಿದು ದುಡಿಸಿದರೆ ಮಾತ್ರ ಬಲವಂತ ಅಲ್ಲ. ಹಸಿವೂ ಬಲವಂತವೇ. ಮತ್ತೆ, ‘ಅವರು ಗುತ್ತಿಗೆದಾರನ ಆಳುಗಳು, ನಮಗೆ ಗೊತ್ತಿಲ್ಲ’ ಎಂದು ಸರಕಾರ ಕೈ ತೊಳೆದುಕೊಳ್ಳುವಂತಿಲ್ಲ.

ಕರಾವಳಿಗೆ ಈ ಕಥೆ ಹೊಸತಲ್ಲ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಜಗಲಿಯಲ್ಲಿ ತಡ್ಪೆ (ಮೊರ) ಮಡಿಲಲ್ಲಿಟ್ಟು, ಎಲೆ, ಹೊಗೆಸೊಪ್ಪು, ನೂಲು. ಅಮ್ಮನಿಗೆ ಗೊತ್ತಿದ್ದದ್ದು ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಕಂಟ್ರಾಕ್ಟುದಾರ ಮಾತ್ರ. ಕಂಪನಿಯ ಧಣಿಯ ಮುಖ ಅವರು ಕಂಡವರೇ ಅಲ್ಲ. 1966ರಲ್ಲಿ ಬೀಡಿ ಕೆಲಸಗಾರರ ಕಾಯ್ದೆ ಬಂತು. ಮಧ್ಯೆ ಕಂಟ್ರಾಕ್ಟುದಾರ ಇದ್ದರೂ ಹೊಣೆ ಕಂಪನಿಯದ್ದೂ ಹೌದು ಎಂದಿತು. ಕಂಪನಿಗಳು ಕೋರ್ಟಿಗೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿ ಹಿಡಿಯಿತು. ಆ ಪ್ರಕರಣದ ಹೆಸರಿನಲ್ಲೇ ಮಂಗಳೂರು ಉಂಟು. ಹಾಗಾಗಿ, ನಡುವೆ ಒಬ್ಬನನ್ನು ನಿಲ್ಲಿಸಿದರೆ ಹೊಣೆ ತಪ್ಪುವುದಿಲ್ಲ ಎಂಬ ಮಾತು ನಮ್ಮ ಊರಿನ ಜಗಲಿಯಿಂದಲೇ ದೆಹಲಿಗೆ ಹೋದ ಮಾತು.

ಅಮೆರಿಕದಲ್ಲಿಯೂ ಇದು ಹಳೆಯ ಜಗಳ. ಅಲ್ಲಿ 1931ರಲ್ಲೇ ಡೇವಿಸ್-ಬೇಕನ್ ಕಾಯ್ದೆ ಬಂತು. ಸರಕಾರದ ಕಟ್ಟಡ ಕಟ್ಟುವ ಗುತ್ತಿಗೆದಾರ ಆ ಊರಿನಲ್ಲಿ ನಡೆಯುವ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂದು. ಕಾವಲು, ಸ್ವಚ್ಛತೆಯಂಥ ಸೇವೆಗಳಿಗೆ 1965ರಲ್ಲಿ ಇನ್ನೊಂದು ಕಾಯ್ದೆ. ಸರಕಾರ ಅಗ್ಗಕ್ಕೆ ಕೊಳ್ಳಲು ಹೊರಟರೆ ಇಡೀ ಊರಿನ ಕೂಲಿ ಇಳಿಯುತ್ತದೆ ಎಂಬ ಭಯ ಎಲ್ಲ ಕಡೆಯದ್ದೂ.

ಈಗ ಹೊಸ ಕಾನೂನು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕನಿಷ್ಠ ವೇತನ ಕಾಯ್ದೆ, 1936ರ ವೇತನ ಪಾವತಿ ಕಾಯ್ದೆ ವೇತನ ಸಂಹಿತೆಯೊಳಗೆ ಸೇರಿದವು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಸುರಕ್ಷತೆಯ ಸಂಹಿತೆಯೊಳಗೆ ಹೋಯಿತು. ಅಲ್ಲಿ ಗುತ್ತಿಗೆ ಕಾರ್ಮಿಕರ ಭಾಗ ಅನ್ವಯಿಸಲು ಮೊದಲು 20 ಜನ ಸಾಕಿತ್ತು, ಈಗ 50 ಬೇಕು. ಇದನ್ನು ಕೇಳಿ ಕೆಲವರು ಖುಷಿಯಲ್ಲಿ ನನಗೆ ಫೋನ್ ಮಾಡಿದರು. “ನನ್ನ ಹತ್ತಿರ 32 ಜನ ಅಷ್ಟೇ, ಇನ್ನು ನಮಗೆ ಏನೂ ಇಲ್ಲ ಅಲ್ವಾ?” ಎಂದು. ಹಾಗಲ್ಲ. ಕನಿಷ್ಠ ವೇತನಕ್ಕೆ ತಲೆ ಎಣಿಕೆ ಇಲ್ಲ. ಒಬ್ಬನೇ ಕೆಲಸಗಾರ ಇದ್ದರೂ ಕೊಡಬೇಕು. ಓಟಿ ಎರಡು ಪಟ್ಟು ಎಂಬುದೂ ಹಾಗೆಯೇ ಉಳಿದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನ ಒಳಗೆ ಹೋಗಬೇಕು. ಕೆಲಸ ಬಿಟ್ಟವನ ಅಥವಾ ಬಿಡಿಸಿದವನ ಲೆಕ್ಕವನ್ನು ಎರಡು ಕೆಲಸದ ದಿನಗಳ ಒಳಗೆ ಚುಕ್ತಾ ಮಾಡಬೇಕು. ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಜಾಸ್ತಿ ಮಾಡಿ ಪಿಎಫ್ ಉಳಿಸುವ ದಾರಿಯೂ ಮುಚ್ಚಿದೆ. ಭತ್ಯೆಗಳು ಒಟ್ಟಿನ ಅರ್ಧ ದಾಟಿದರೆ ದಾಟಿದ ಭಾಗ ಸಂಬಳಕ್ಕೇ ಸೇರುತ್ತದೆ.

ಆದರೆ ನೀವು ನಿಜವಾಗಿ ಗಮನಿಸಬೇಕಾದ ಬದಲಾವಣೆ ಬೇರೆ. ಮೊದಲು ಕಡಿಮೆ ಸಂಬಳದ ದೂರು ಕೊಡಲು ಸಾಮಾನ್ಯವಾಗಿ ಆರು ತಿಂಗಳ ಅವಧಿ ಇತ್ತು. ಈಗ ಮೂರು ವರ್ಷ. ಆ ಅಕ್ಕ ಈಗ ಬಂದರೆ ಮೂರು ಕ್ಯಾಲೆಂಡರ್ ತರಬಹುದು. ಕಡಿಮೆ ಬಿದ್ದ ಹಣದ ಹತ್ತು ಪಟ್ಟಿನ ತನಕ ಪರಿಹಾರ ಹಾಕುವ ಅಧಿಕಾರ ದೂರು ಕೇಳುವ ಪ್ರಾಧಿಕಾರಕ್ಕೆ ಇದೆ. ಮತ್ತೆ, ಸಂಬಳ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಭಾರ ನಿಮ್ಮ ಮೇಲೆ. ಸಿಗಲಿಲ್ಲ ಎಂದು ಅವರು ಹೇಳಿದರೆ ಸಾಕು, ದಾಖಲೆ ತರಬೇಕಾದವರು ನೀವು. ದಂಡದ ವಿಷಯ ಜಾಸ್ತಿ ಹೇಳುವುದಿಲ್ಲ. ಕಡಿಮೆ ಕೊಟ್ಟರೆ 50,000ದ ತನಕ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ.

ಪಿಎಫ್ ಬಗ್ಗೆ ಒಂದು ಮಾತು. ಕೆಲಸಗಾರನ ಸಂಬಳದಿಂದ ಹಿಡಿದ ಪಾಲು ನಿಮ್ಮ ದುಡ್ಡಲ್ಲ. 15ನೇ ತಾರೀಖಿನ ಒಳಗೆ ಕಟ್ಟಬೇಕು. ತಡವಾದರೆ ಬಡ್ಡಿ, ದಂಡ ಗೊತ್ತೇ ಇದೆ. ಹಲವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಕೆಲಸಗಾರನ ಪಾಲನ್ನು ಗಡುವು ದಾಟಿ ಕಟ್ಟಿದರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಎಂದು ತೋರಿಸಲಿಕ್ಕೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿತು. ಆ ತೀರ್ಪಿನ ಪ್ರಕಾರ ಒಂದು ದಿನ ತಡವಾದರೂ ಆ ಮೊತ್ತ ನಿಮ್ಮ ಲಾಭ ಎಂದು ಲೆಕ್ಕ ಆಗಿ ಅದರ ಮೇಲೆ ತೆರಿಗೆ ಬೀಳುತ್ತಿತ್ತು. ಆ ಕೇಸಿನಲ್ಲಿ ಸೋತದ್ದೂ ಒಂದು ಸೆಕ್ಯುರಿಟಿ ಕಂಪನಿಯೇ.

ಇನ್ನೊಂದು, ಯಾವ ಸರಕಾರದ ಕನಿಷ್ಠ ವೇತನದ ದರ ಎಂಬುದು. ತಾಲ್ಲೂಕು ಕಚೇರಿ, ನಗರಸಭೆ, ಹಾಸ್ಟೆಲು ಆದರೆ ರಾಜ್ಯದ ದರ. ಪಣಂಬೂರಿನ ಬಂದರು, ರೈಲ್ವೆ ಆದರೆ ಕೇಂದ್ರದ ದರ. ರಾಜ್ಯದಲ್ಲಿ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಏರುತ್ತದೆ. ಕೇಂದ್ರದಲ್ಲಿ ಏಪ್ರಿಲ್ 1ಕ್ಕೆ ಮತ್ತು ಅಕ್ಟೋಬರ್ 1ಕ್ಕೆ. ಎರಡು ವರ್ಷದ ಗುತ್ತಿಗೆ ಎಂದರೆ ಕೇಂದ್ರದ ಕೆಲಸದಲ್ಲಿ ನಾಲ್ಕು ಏರಿಕೆ. ‘ದರ ಬದಲಾಗದು’ ಎಂಬ ಒಂದು ಸಾಲು ಟೆಂಡರಿನ ಹತ್ತನೇ ಪುಟದಲ್ಲಿ ಇದ್ದರೆ ಆ ನಾಲ್ಕೂ ಏರಿಕೆ ನಿಮ್ಮ ತಲೆ ಮೇಲೆ. ಅಷ್ಟು ದೂರ ಓದಿ.

ಈಗ ಪ್ರಶ್ನೆಗಳು. ಹಿಂದಿನ ಸಾಲಿನ ಅಣ್ಣ ಆಗಿನಿಂದ ಕೈ ಎತ್ತಿದ್ದಾರೆ.

“ಸರ್, ನೀವು ಹೇಳಿದ್ದೆಲ್ಲ ಸರಿ. ಇಲಾಖೆಯವರು ಮೂರು ತಿಂಗಳು ಬಿಲ್ ಮಾಡದಿದ್ದರೆ ನಾನು 7ಕ್ಕೆ ಸಂಬಳ ಎಲ್ಲಿಂದ ಕೊಡುವುದು?”

ಈ ಪ್ರಶ್ನೆ ಬರಲೇಬೇಕು. ನಿಮ್ಮ ಕಷ್ಟ ನನಗೆ ಗೊತ್ತು. ಹೆಂಡತಿಯ ಬಂಗಾರ ಅಡವಿಟ್ಟು ಸಂಬಳ ಕೊಟ್ಟವರು ನನ್ನ ಕಕ್ಷಿದಾರರಲ್ಲೇ ಇದ್ದಾರೆ. ಆದರೆ ಕಾನೂನು ಇದರಲ್ಲಿ ಸಡಿಲ ಇಲ್ಲ. ಬಿಲ್ ಬಂದಿಲ್ಲ ಎಂಬುದು ಸಂಬಳ ತಡೆಯಲು ಕಾರಣ ಆಗುವುದಿಲ್ಲ. ಹಾಗಾಗಿ ಕನಿಷ್ಠ ಎರಡು ಮೂರು ತಿಂಗಳ ಸಂಬಳದಷ್ಟು ಹಣ ಕೈಯಲ್ಲಿ ಇಲ್ಲದೆ ಮ್ಯಾನ್‌ಪವರ್ ಟೆಂಡರಿಗೆ ಕೈ ಹಾಕಬೇಡಿ. ಬಡ್ಡಿಯನ್ನು ದರದಲ್ಲೇ ಸೇರಿಸಿ. ನೀವು ಸಣ್ಣ ಉದ್ಯಮ ಎಂದು ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಕಡೆ ಇದೆ. 45 ದಿನ ದಾಟಿದ ಬಿಲ್ಲಿಗೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು, ಸರಕಾರಿ ಇಲಾಖೆಯಿಂದಲೂ. ಕಟ್ಟಡ ಕಾಮಗಾರಿಗೆ ಇದು ಸಲ್ಲುತ್ತದಾ ಎಂಬ ಬಗ್ಗೆ ಕೋರ್ಟುಗಳಲ್ಲಿ ತಕರಾರು ಇದೆ. ಜನ ಒದಗಿಸುವ ಸೇವೆಯವರು ಉಪಯೋಗಿಸಿಕೊಳ್ಳಿ. ಇಲಾಖೆಗೆ ಪ್ರತಿ ತಿಂಗಳೂ ಪತ್ರ ಬರೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದು ಯಾವ ಫೈಲಿನಲ್ಲೂ ಉಳಿಯುವುದಿಲ್ಲ.

ಒಬ್ಬರು ಇಲಾಖೆಯ ಸಿಬ್ಬಂದಿಯೂ ಬಂದಿದ್ದಾರೆ, ಸಂತೋಷ. ಅವರ ಪ್ರಶ್ನೆ: “ಅತಿ ಕಡಿಮೆ ದರದವರಿಗೆ ಕೊಡದಿದ್ದರೆ ಆಡಿಟ್‌ನವರು ಕೇಳುತ್ತಾರೆ. ನಾವು ಏನು ಮಾಡುವುದು?”

ಸಂಬಳದ ಭಾಗವನ್ನು ಸ್ಪರ್ಧೆಗೆ ಬಿಡಬೇಡಿ ಸರ್. ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಬೋನಸ್ ಇಷ್ಟು ಎಂದು ನೀವೇ ಟೆಂಡರಿನಲ್ಲಿ ಅಚ್ಚು ಹಾಕಿ. ಸ್ಪರ್ಧೆ ಸೇವಾ ಶುಲ್ಕಕ್ಕೆ ಮಾತ್ರ ಇರಲಿ, ಅದಕ್ಕೂ ಒಂದು ಕೆಳಮಿತಿ ಇರಲಿ. ಮತ್ತೆ ಬಿಲ್ ಪಾಸ್ ಮಾಡುವಾಗ ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಇದೆಯಾ ಎಂದು ಮಾತ್ರ ನೋಡಬೇಡಿ. ಚಲನ್ನಿನಲ್ಲಿರುವ ಹೆಸರುಗಳು ನಿಮ್ಮ ಗೇಟಿನಲ್ಲಿ ನಿಂತವರದ್ದೇನಾ ಎಂದು ನೋಡಿ. ಗುತ್ತಿಗೆದಾರ ಕೊಡದಿದ್ದರೆ ಸಂಬಳ ಕೊಡಬೇಕಾದವರು ನೀವು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಇದು 1970ರ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ.

ಕೊನೆಗೆ ಒಬ್ಬರು ಅಮ್ಮ ಎದ್ದು ನಿಂತರು. ಯಾವುದೋ ಕಚೇರಿಯಲ್ಲಿ ಗುಡಿಸಿ ಒರೆಸುವ ಕೆಲಸ. “ನಮಗೆ ಚೀಟಿ ಕೊಡುವುದಿಲ್ಲ. ನಾವು ಹೇಳಿದರೆ ಯಾರು ನಂಬುತ್ತಾರೆ?” ಎಂದರು.

ಅಮ್ಮ, ನಿಮ್ಮ ಬ್ಯಾಂಕ್ ಪಾಸ್‌ಬುಕ್ ಪ್ರತಿ ತಿಂಗಳು ಎಂಟ್ರಿ ಹಾಕಿಸಿ. ಪಿಎಫ್ ಖಾತೆ ಮೊಬೈಲಿನಲ್ಲಿ ನೋಡಲು ಬರುತ್ತದೆ, ಮನೆಯ ಮಕ್ಕಳ ಹತ್ತಿರ ಹೇಳಿ. ಬಂದ ಹೊತ್ತು, ಹೋದ ಹೊತ್ತು ದಿನಾ ಬರೆಯಿರಿ, ಕ್ಯಾಲೆಂಡರ್ ಆದರೂ ಸಾಕು. ದೂರನ್ನು ನೀವೇ ಕೊಡಬಹುದು, ನೋಂದಾಯಿತ ಯೂನಿಯನ್ ಕೂಡಾ ಕೊಡಬಹುದು. ಕೊಟ್ಟಿದ್ದೇನೆ ಎಂದು ತೋರಿಸಬೇಕಾದವರು ಅವರು.

ಸಭೆ ಮುಗಿದ ಮೇಲೆ ಒಬ್ಬ ಹುಡುಗ ಹತ್ತಿರ ಬಂದ. ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನಂತೆ. ಕೈಯಲ್ಲಿ ಟೆಂಡರಿನ ಪ್ರಿಂಟ್. ಅದರಲ್ಲಿಯೂ ‘ಕಾವಲುಗಾರರು 2, 24 ಗಂಟೆ’ ಎಂದೇ ಇತ್ತು. ದರ ಹಾಕುವ ಮುಂಚೆ ಇಲಾಖೆಗೆ ಪ್ರಶ್ನೆ ಕೇಳುವ ಪ್ರೀ-ಬಿಡ್ ಮೀಟಿಂಗ್ ಸೋಮವಾರ. ಹೊರಗಿನ ಬೆಂಚಿನಲ್ಲಿ ಕೂತೆವು. ಮಳೆಯ ಇರಚಲು ಕಾಗದದ ಮೇಲೆ ಬೀಳುತ್ತಿತ್ತು. 168 ಭಾಗಿಸು 48 ಎಂದು ಅವನೇ ಬರೆದ. ಮೂರೂವರೆ ಎಂದು ಬಂದಾಗ ಒಂದು ಗಳಿಗೆ ಸುಮ್ನೆ ಕೂತ. ಆಮೇಲೆ ದರದ ಕಾಲಂ ಖಾಲಿ ಬಿಟ್ಟು, ಹಿಂದಿನ ಹಾಳೆಯಲ್ಲಿ ಇಲಾಖೆಗೆ ಕೇಳಬೇಕಾದ ಪ್ರಶ್ನೆ ಬರೆಯತೊಡಗಿದ: ‘ಮಾನ್ಯರೇ, ಈ ಹುದ್ದೆಗೆ ವಾರದ ರಜೆಯ ಬದಲಿ ಯಾರು?’